ಮೂರನೆಯ ಪೆಟ್ಟಿಗೆ

ಹೋದ ವಾರ ನನ್ನ ಮೊಮ್ಮಗಳು ತನ್ನ ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿ, “ಅಜ್ಜೀ, ನಿನ್ನ ಸಿನಿಮಾ ಸಿಕ್ತು ನೋಡು” ಅಂದಳು. ನಾನು ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಹಾಗೇ ಕೈಬಿಟ್ಟೆ. ಆ ಸಿನಿಮಾದ ಹೆಸರು ನನಗೆ ಎಂದೂ ಗೊತ್ತಿರಲಿಲ್ಲ. ಅದರ ಒಂದು ಹಾಡಿನ ಅರ್ಧ ಧಾಟಿಯನ್ನು ಮಾತ್ರ ಎಪ್ಪತ್ತೈದು ವರ್ಷಗಳಿಂದ ಗುನುಗುತ್ತ ಬಂದಿದ್ದೆ, ಅದೂ ಶ್ರುತಿ ತಪ್ಪಿಸಿಕೊಂಡು. ಅದನ್ನೇ ಮೊಬೈಲಿಗೆ ಕೇಳಿಸಿ ಹುಡುಕಿದಳಂತೆ. “ಬಾಗಿಲ ಕಿರುಗುಟ್ಟಾಕತ್ತದ, ಎಣ್ಣಿ ಹಾಕು” ಎಂದು ನನ್ನ ಗಂಡ ಬದುಕಿದ್ದಷ್ಟು ದಿನ ಗೇಲಿ ಮಾಡಿದ ರಾಗವನ್ನು ಒಂದು ಯಂತ್ರ ಗುರುತು ಹಿಡಿಯಿತೆಂದರೆ ನನಗೆ ಹೆಮ್ಮೆಯೇ ಆಯಿತು.

ಆದರೂ “ತಡಿ, ಹಚ್ಚಬ್ಯಾಡ” ಅಂದೆ. ಯಾಕೆ ಅಂದೆ ಎಂಬುದನ್ನು ನಿಮಗೆ ಮೊದಲು ಹೇಳಬೇಕು.

ನಮ್ಮದು ಝರಾಸಂಗಂ ಕಡೆಯ ಹಳ್ಳಿ. ನಿಜಾಮರ ಕಾಲ. ಅಪ್ಪನಿಗೆ ಕುರಿ ಸಾಕುವುದು ಮತ್ತು ಕಂಬಳಿ ನೇಯುವುದು ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ಆ ಎರಡರಲ್ಲಿ ಅವನನ್ನು ಮೀರಿಸುವವರೂ ಇರಲಿಲ್ಲ. ನನಗೆ ಆರು ವರ್ಷವಿದ್ದಾಗ ಅವ್ವ ಜ್ವರ ಬಂದು ತೀರಿಕೊಂಡಳು. ನಾನು ಅಳಲಿಲ್ಲವಂತೆ, ಊಟ ಬಿಟ್ಟೆನಂತೆ. ಸೋದರತ್ತೆ ಕುರಿಹಾಲು ಕುಡಿಸಿ ನೋಡಿದಳು, ತಾಯಿತ ಕಟ್ಟಿಸಿದಳು, ಬೆಲ್ಲ ತೋರಿಸಿದಳು. ಬೆಲ್ಲ ಮಾತ್ರ ನೆಕ್ಕಿದೆನಂತೆ. ದುಃಖದಲ್ಲೂ ನನ್ನ ನಾಲಿಗೆಗೆ ಅಷ್ಟು ಬುದ್ಧಿಯಿತ್ತು. ಕೊನೆಗೆ ಅತ್ತೆ ನನ್ನೆದುರಿಗೇ ಅಪ್ಪನಿಗೆ, “ಹಿಂಗೇ ಆದ್ರ ಈ ಕೂಸೂ ಉಳಿಯಂಗಿಲ್ಲೋ ತಮ್ಮಾ” ಅಂದಳು. ಅಪ್ಪ ಮರುದಿನ ಕಂಬಳಿಗಳನ್ನು ಬಂಡಿಗೆ ಹೇರಿ, ಅವುಗಳ ಮೇಲೆ ನನ್ನನ್ನೂ ಹೇರಿಕೊಂಡು ತಾಂಡೂರಿನ ದಾರಿ ಹಿಡಿದ.

ತಾಂಡೂರಿನಲ್ಲಿ ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಒಂದು ತೊಗರಿ ಗೋದಾಮಿನಲ್ಲಿ ಯಾರೋ ಬಾಯಿಸ್ಕೋಪು ಇಟ್ಟಿದ್ದರು. ಕಿಟಕಿಗಳಿಗೆ ಗೋಣಿತಟ್ಟು ಬಡಿದು ಹಾಡುಹಗಲೇ ಕತ್ತಲೆ ಮಾಡಿದ್ದರು. ತಗಡಿನ ತೂತುಗಳಿಂದ ಬಿಸಿಲು ಬಿದ್ದು ಪರದೆಯ ನಾಯಕನ ಮುಖದ ಮೇಲೆಲ್ಲ ಚುಕ್ಕೆಗಳು. ಬಹಳ ಹೊತ್ತು ನಾನು ಪಾಪ, ಅವನಿಗೆ ಸಿಡುಬು ಬಂದಿದೆ ಅಂದುಕೊಂಡಿದ್ದೆ. ತೊಗರಿ ಧೂಳಿಗೆ ಜನ ಸೀನುತ್ತಲೇ ಇದ್ದರು. ಅಪ್ಪ ನೆಲಕ್ಕೆ ಕಂಬಳಿ ಹಾಸಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ.

ಸಿನಿಮಾದ ಮಾತು ಹಿಂದೂಸ್ತಾನಿ. ನನಗೆ ಕನ್ನಡ ಬಿಟ್ಟು ಬೇರೆ ಭಾಷೆಯ ಗಾಳಿಯೂ ಸೋಕಿರಲಿಲ್ಲ. ಅಪ್ಪನಿಗೆ ಕಂಬಳಿ ಮಾರುವಷ್ಟು, ಖಾನಾವಳಿಯಲ್ಲಿ ಉಂಡು ಬರುವಷ್ಟು ದಖ್ಖನಿ ಉರ್ದು ಬರುತ್ತಿತ್ತು. ಅಷ್ಟರ ಬಲದ ಮೇಲೆ ಅವನು ಇಡೀ ಸಿನಿಮಾವನ್ನು ಎಲ್ಲರಿಗೂ ಕೇಳುವಂತೆ ಕನ್ನಡ ಮಾಡಿ ಹೇಳತೊಡಗಿದ. ಕಥೆಯಲ್ಲಿ ಒಬ್ಬ ತಾಯಿ, ಒಬ್ಬ ಮಗ, ಒಂದು ಬಾವಿ, ಒಂದು ಒಲೆ. ತಾಯಿ ಬಾಯಿ ತೆರೆದಳೋ ಇಲ್ಲವೋ ಅಪ್ಪ, “ಉಣ್ಣು ಮಗಾ ಅನ್ನಾಕತ್ಯಾಳ” ಅನ್ನುತ್ತಿದ್ದ. ಕೋಲು ಹಿಡಿದು ಬೈದರೂ, “ಉಣ್ಣದಿದ್ರ ಹೊಡೀತೀನಿ ಅನ್ನಾಕತ್ಯಾಳ.” ಮಧ್ಯೆ ಕುರಿಯ ಹಿಂಡು ಬಂದರೆ ಅನುವಾದ ನಿಲ್ಲುತ್ತಿತ್ತು. “ಆ ಕಡೀ ಕುರಿ ಕುಂಟತದ, ಗೊರಸು ಕೊಳೆತಾದ, ಯಾರೂ ನೋಡವಲ್ರು” ಎಂದು ಅಪ್ಪ ತಳಮಳಿಸುತ್ತಿದ್ದ.

ಇನ್ನು ಪೆಟ್ಟಿಗೆಯ ವಿಷಯ. ಸಿನಿಮಾ ಮೂರು ತಗಡಿನ ಪೆಟ್ಟಿಗೆಗಳಲ್ಲಿ ರೈಲಿನಲ್ಲಿ ಬರುತ್ತಿತ್ತು. ಇಳಿಸುವವರು ತೊಗರಿ ಬಜಾರಿನ ಹಮಾಲರು. ಯಂತ್ರ ನಡೆಸುವವನೂ ನಿನ್ನೆ ಮೊನ್ನೆಯವರೆಗೆ ಅದೇ ಬಜಾರಿನಲ್ಲಿ ಚೀಲ ತೂಗಿದವನು. ಮೊದಲನೆಯ ಪೆಟ್ಟಿಗೆಯನ್ನು ಅವನು ತಾನೇ ಎತ್ತಿಕೊಂಡು ಹೋಗಿದ್ದ. ಹಮಾಲರು ಚೀಲ ಒಟ್ಟುವ ಪದ್ಧತಿಯಲ್ಲೇ ಎರಡನೆಯದನ್ನು ಕೆಳಗಿಟ್ಟು, ಅದರ ಮೇಲೆ ಮೂರನೆಯದನ್ನು ಇಟ್ಟರು. ಮೇಲಿನ ಚೀಲ ಬಿಟ್ಟು ಅಡಿಯ ಚೀಲ ಎಳೆಯುವವನನ್ನು ಗೋದಾಮಿನಲ್ಲಿ ಯಾರೂ ಬುದ್ಧಿವಂತ ಅನ್ನುವುದಿಲ್ಲ. ಅವನು ಮೇಲಿನದನ್ನೇ ತೆಗೆದು ಹಚ್ಚಿದ.

ಹೀಗಾಗಿ ತಾಯಿ ಇದ್ದಕ್ಕಿದ್ದಂತೆ ಮಂಚ ಹಿಡಿದಳು. ಮಗ ಓಡಿ ಬಂದ. ಅವಳು ತುಟಿ ಅಲ್ಲಾಡಿಸಿ ಏನೋ ಅಂದಳು. “ಅಪ್ಪಾ, ಏನಂದ್ಳು?” ಎಂದು ಕೇಳಿದೆ. ಅಷ್ಟು ಹೊತ್ತು ಬಾಯಿ ಮುಚ್ಚದಿದ್ದ ಅಪ್ಪ, “ಈ ಮಾತು ನಂಗ ತಿಳೀಲಿಲ್ಲವ್ವಾ” ಅಂದ. ತಾಯಿ ಸತ್ತಳು, ಸಿನಿಮಾ ಮುಗಿಯಿತೆಂಬ ಫಲಕ ಬಂತು, ಜನ ಕಣ್ಣೊರೆಸಿಕೊಂಡು ಎದ್ದರು. ಬಾಗಿಲಲ್ಲಿದ್ದವನು, “ಎಲ್ಲಿ ಹೊಂಟ್ರಿ? ಇನ್ನೂ ಒಂದು ಪೆಟ್ಟಿಗಿ ಅದ, ಕೂಡ್ರಿ!” ಎಂದು ಕೂಗಿದ. ಕೂತೆವು. ನೋಡಿದರೆ ತಾಯಿ ಒಲೆಯ ಮುಂದೆ ರೊಟ್ಟಿ ಸುಡುತ್ತ ಹಾಡುತ್ತಿದ್ದಾಳೆ!

“ಅಪ್ಪಾ, ಅವ್ವ ಎದ್ಲು!” ಎಂದು ನಾನು ಕಿರುಚಿದೆನಂತೆ. ತಿಂಗಳ ಮೇಲೆ ನಾನಾಡಿದ ಮೊದಲ ದೊಡ್ಡ ಮಾತು ಅದು. ಅಪ್ಪ ಒಂದು ಗಳಿಗೆ ಗಲಿಬಿಲಿಗೊಂಡು, “ಹೂಂ, ಜ್ವರ ಬಿಡ್ತು. ಈಗ ನೀನೂ ಉಣ್ಣು ಅನ್ನಾಕತ್ಯಾಳ” ಅಂದ. ಗಂಟು ಬಿಚ್ಚಿ ರೊಟ್ಟಿ ಮುರಿದು ಕೊಟ್ಟ. ನಾನು ತಿಂದೆ. ಕೊನೆಯಲ್ಲಿ ‘ಇಂಟರ್ವಲ್’ ಎಂದು ಬಂದದ್ದರಿಂದ ಉಳಿದವರೆಲ್ಲ ಇನ್ನಷ್ಟು ಸಿನಿಮಾಕ್ಕಾಗಿ ಅರ್ಧ ತಾಸು ಕಾದು ಜಗಳ ತೆಗೆದರು. ನಾವಿಬ್ಬರು ಅಷ್ಟರಲ್ಲಿ ಎರಡನೆಯ ರೊಟ್ಟಿಗೆ ಕೈ ಹಾಕಿದ್ದೆವು.

ಅಲ್ಲಿಂದ ಅದು ನಮ್ಮ ಸಿನಿಮಾ ಆಯಿತು. ಮನೆಯಲ್ಲಿ ನಾನು ಮುಖ ಊದಿಸಿಕೊಂಡು ಕೂತಾಗಲೆಲ್ಲ ಅಪ್ಪ ಸೆರಗಿನ ಹಾಗೆ ಕಂಬಳಿ ಹೊದ್ದು ಆ ತಾಯಿಯ ನಡಿಗೆ ನಡೆಯುತ್ತಿದ್ದ. ಮೀಸೆಯ ತಾಯಿ. ಕುರಿಗಳು ಸಹ ಬೆದರುತ್ತಿದ್ದವು.

ವರ್ಷದ ಮೇಲೆ ಅದೇ ಸಿನಿಮಾ ಜಹೀರಾಬಾದಿನ ಡೇರೆಗೆ ಬಂತು. ಅಪ್ಪ ಹಿಂದಿನ ದಿನವೇ ಒಬ್ಬನೇ ಹೋಗಿ ಬಂದ. ಹೋಗುವಾಗ ಬಗಲಲ್ಲಿ ಹೊಸ ಕರಿ ಕಂಬಳಿಯಿತ್ತು, ಬರುವಾಗ ಇರಲಿಲ್ಲ. ಮರುದಿನ ಸಂಜೆ ಆಟ ನೋಡಲು ಹೋದರೆ ಯಂತ್ರ ನಡೆಸುವವನು ಬೇಸಿಗೆಯಲ್ಲೂ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದ. ಅವತ್ತೂ ಮೂರನೆಯ ಪೆಟ್ಟಿಗೆ ಎರಡನೆಯದಕ್ಕಿಂತ ಮೊದಲು ಬಂತು. ಸಾಯುವ ಭಾಗ ಶುರುವಾಗುತ್ತಲೇ ಅಪ್ಪ ನನ್ನ ತಲೆಯ ಮೇಲೆ ಕಂಬಳಿ ಎಳೆದ. ಒಳಗೆ ಕುರಿಯ ವಾಸನೆ, ಕತ್ತಲೆ, ಅಪ್ಪನ ಎದೆಬಡಿತ. ಕಂಬಳಿ ಸರಿದಾಗ ತಾಯಿ ರೊಟ್ಟಿ ಸುಡುತ್ತಿದ್ದಳು.

ಆದರೆ ಜಹೀರಾಬಾದಿನವರು ಹಿಂದಿನ ದಿನವೇ ಅದನ್ನು ನೆಟ್ಟಗೆ ನೋಡಿದ್ದರು. ಮುಂದಿನ ಕುರ್ಚಿಯ ಬಟ್ಟೆ ಸಾಹುಕಾರ ಎದ್ದು ನಿಂತು, “ಏ, ಸತ್ತ ಹೆಣ ರೊಟ್ಟಿ ಸುಡಾಕತ್ತದಲ್ಲೋ! ಯಾವನು ಇದನ್ನ ಹಚ್ಚಿದಾವ?” ಎಂದು ಅಬ್ಬರಿಸಿದ. ಡೇರೆಯೆಲ್ಲ ಗುಲ್ಲೆದ್ದಿತು. ಜೀವಮಾನದಲ್ಲಿ ಸಾಹುಕಾರರ ಎದುರು ತಲೆಯೆತ್ತದ ಅಪ್ಪ ಕೂತಲ್ಲಿಂದಲೇ ಕೇಳಿದ: “ಸಾಹುಕಾರ್ರೇ, ನಿಮ್ಮವ್ವ ಜೀವಂತ ಅದಾಳೇನ್ರಿ?”

“ಅದಾಳ. ಯಾಕ?”

“ಹಂಗಾರ ಮನಿಗಿ ಹೋಗಿ ಆಕಿನ್ನ ನೋಡ್ರಿ. ಈಕಿನ್ನ ನಮಗ ಬಿಡ್ರಿ.”

ಸಾಹುಕಾರ ನನ್ನ ಕಡೆ ಒಮ್ಮೆ ನೋಡಿ ಕೂತುಬಿಟ್ಟ. ಮರುದಿನ ಅವನ ಅಂಗಡಿಯಿಂದ ನನಗೊಂದು ಪರಕಾರದ, ಅಂದರೆ ಲಂಗದ, ಬಟ್ಟೆ ಬಂತು. ಬಣ್ಣ ಮಾತ್ರ ಮಹಾ ಕೆಟ್ಟದ್ದು, ಅದನ್ನೂ ಹೇಳಿಬಿಡಬೇಕು.

ಮೂರನೆಯ ಸಲ ನಾರಾಯಣಖೇಡದಲ್ಲಿ. ಅಲ್ಲಿನ ಯಂತ್ರದವನು ಶಿಸ್ತಿನ ಮನುಷ್ಯ, ಕಂಬಳಿಗೆ ಬಗ್ಗಲಿಲ್ಲ. ಸಿನಿಮಾ ನೆಟ್ಟಗೆ ನಡೆದು ತಾಯಿ ಹಾಡಿ, ರೊಟ್ಟಿ ಸುಟ್ಟು, ‘ಇಂಟರ್ವಲ್’ ಬಂದ ಕೂಡಲೇ ಅಪ್ಪ ಕಂಬಳಿ ಕೊಡವಿ, “ಮುಗೀತು, ನಡಿ” ಅಂದ.

“ಆಕಿಗಿ ಜ್ವರ ಬರೋದು?”

“ಆ ಪೆಟ್ಟಿಗಿ ಕೊಡಂಗಲ್‌ಗೆ ಹೋಗ್ಯಾದ.”

ನನಗಾಗ ಎಂಟು ದಾಟಿತ್ತು. ಹಿಂದಿನಿಂದ ಪೆಟ್ಟಿಗೆ ತೆರೆಯುವ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು. “ಹೌದೇನು, ಪಾಪ” ಅಂದು ಅವನ ಕೈ ಹಿಡಿದು ಹೊರಗೆ ನಡೆದೆ. ಅಪ್ಪನಿಗೆ ಬೇಸರ ಮಾಡುವ ಮನಸ್ಸಾಗಲಿಲ್ಲ.

ಈಗ ತಿಳಿಯಿತಲ್ಲ, ನಾನು “ತಡಿ” ಅಂದದ್ದು ಯಾಕೆಂದು? ಮೊಬೈಲಿಗೆ ಪೆಟ್ಟಿಗೆ ಅದಲುಬದಲು ಮಾಡುವುದು ಗೊತ್ತಿಲ್ಲ. ಆದರೂ ಎಂಬತ್ತು ದಾಟಿದವಳು ಹೀಗೆ ಹೆದರುವುದು ನನಗೇ ನಾಚಿಕೆಯೆನಿಸಿ, “ಹಚ್ಚು” ಅಂದೆ.

ನೋಡುತ್ತ ಹೋದಂತೆ ಅಪ್ಪನ ಬಣ್ಣವೆಲ್ಲ ಬಯಲಾಯಿತು. ಇಷ್ಟು ವರ್ಷ ಜಹೀರಾಬಾದಿನಲ್ಲಿ ಸಂಸಾರ ಮಾಡಿದ ನನಗೀಗ ಆ ಭಾಷೆ ನೀರು ಕುಡಿದಷ್ಟು ಸಲೀಸು. “ಉಣ್ಣು ಮಗಾ” ಅಂದದ್ದು ನಿಜಕ್ಕೂ “ಬಾವಿಯ ಹಗ್ಗ ಹರಿದಿದೆ, ಹೊಸದು ತಾ” ಎಂದು. “ಉಣ್ಣದಿದ್ರ ಹೊಡೀತೀನಿ” ಅಂದದ್ದು ಜಮೀನ್ದಾರನಿಗೆ ಕೊಟ್ಟ ಶಾಪ. ಊಟದ ಮಾತು ಒಂದೂ ಇರಲಿಲ್ಲ. ನಾನು ನಗುತ್ತ ನಗುತ್ತ ಮೊಮ್ಮಗಳ ಮೇಲೆ ಒರಗಿದೆ. ಕುಂಟುವ ಕುರಿ ಮಾತ್ರ ನಿಜವಾಗಿಯೂ ಕುಂಟುತ್ತಿತ್ತು.

ಆಮೇಲೆ ಆ ಮಂಚ ಬಂತು. ನನ್ನ ತಲೆಯ ಮೇಲೆ ಎಳೆಯಲು ಕಂಬಳಿ ಇರಲಿಲ್ಲ. ಮಗ ಓಡಿ ಬಂದ. ತಾಯಿ ತುಟಿ ಅಲ್ಲಾಡಿಸಿದಳು.

“ಖಾನಾ ಖಾಯಾ, ಬೇಟಾ?”

ಊಟ ಮಾಡಿದೆಯಾ, ಮಗನೇ? ಅಷ್ಟೇ ಮಾತು. ಊರೂರು ಸುತ್ತಿ ಕಂಬಳಿ ಮಾರಿ, ಖಾನಾವಳಿಯಲ್ಲಿ ಉಂಡು ಬೆಳೆದ ಅಪ್ಪನಿಗೆ ಈ ಮಾತು ತಿಳಿಯಲಿಲ್ಲವೇ? ಇಡೀ ಸಿನಿಮಾದಲ್ಲಿ ಅವನಿಗೆ ಚೆನ್ನಾಗಿ ತಿಳಿದ ಮಾತು ಇದೊಂದೇ ಇರಬೇಕು. ನನ್ನ ಅವ್ವನೂ ಕೊನೆಗೆ ಹೀಗೇ ಏನಾದರೂ ಕೇಳಿದ್ದಳೋ ಏನೋ, ಅಪ್ಪ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

“ಅಜ್ಜೀ, ಅಳಾಕತ್ತೀ ಏನು?” ಮೊಮ್ಮಗಳು ಗಾಬರಿಯಾಗಿ ಪರದೆಯ ಮೇಲೆ ಬೆರಳಿಟ್ಟಳು. “ಹಿಂದಕ್ಕ ತರ್ಲಾ? ರೊಟ್ಟಿ ಸುಡೋ ಜಾಗಕ್ಕ?”

“ಬ್ಯಾಡ. ಮುಗೀಲಿ.”

ಮುಗಿಯಿತು. ಫಲಕ ಬಂತು. ಬಾಗಿಲಲ್ಲಿ ನಿಂತು ಕೂಡ್ರಿ ಅನ್ನುವವರು ಯಾರೂ ಇರಲಿಲ್ಲ. ನಾನು ಮುಂಜಾನೆಯ ನಾಷ್ಟಾ ಮುಗಿಸಿ ಇನ್ನೂ ತಾಸಾಗಿರಲಿಲ್ಲ. ಆದರೂ ಸೆರಗಿನಿಂದ ಮೂಗೊರೆಸಿಕೊಂಡು ಹೇಳಿದೆ:

“ಅಳಾಕತ್ತಿಲ್ಲ, ಹಸಿವಿ ಆಗ್ಯಾದ. ಎರಡು ರೊಟ್ಟಿ ಹಾಕವ್ವಾ, ಉಣತೀನಿ.”