ಅಳತೆಗೆ ಕೊಟ್ಟ ಹಳೇ ಜಂಪರ್

ಆನೆಕೊಂಡದಾಗೆ ಕೆಲಸ ಇಲ್ಲದ ಹೆಂಗಸರಿಗೆ ಹೊಲಿಗೆ ಕಲಿಸೋ ಕೇಂದ್ರ ಒಂದೈತೆ. ಅಲ್ಲಿ ಕಸ ಹೊಡೆಯೋದು ನನ್ನ ಕೆಲಸ. ಅದಕ್ಕೂ ಮುಂಚೆ ನಲವತ್ತು ವರ್ಷ ಹೊಲಿಗೆ ಮಿಶನ್ ತುಳಿದೀನಿ. ಮೊಣಕಾಲು ಕೈಕೊಟ್ಟವು, ಪೊರಕೆ ಹಿಡಿದೆ. ಅದರಾಗೆ ಅಳೋದೇನೂ ಇಲ್ಲ.

ನಮ್ಮ ಓಣಿಯ ಒಬ್ಬಳು ಅಲ್ಲಿ ಮೂರು ತಿಂಗಳು ಕಲಿತಳು. ಮೊದಲು ಮಂಡಕ್ಕಿ ಭಟ್ಟಿಯಾಗೆ ದುಡೀತಿದ್ದಳು. ಹೊಗೆ ಕುಡಿದು ಕುಡಿದು ಎದೆ ಕಟ್ಟಿ, ಇನ್ನು ಭಟ್ಟಿ ಕಡೆ ತಲೆ ಹಾಕಬ್ಯಾಡ ಅಂದಿದ್ದರು ಡಾಕ್ಟ್ರು. ಹೊಲಿಗೆ ಕೈ ಹತ್ತದಿದ್ದರೆ ಮತ್ತೆ ಅದೇ ಹೊಗೆ. ಸರ್ಟಿಫಿಕೇಟ್ ಹಿಡಕೊಂಡು ಹರಿಹರದ ಒಬ್ಬ ಟೈಲರ್ ಮಾಸ್ತರ ಅಂಗಡಿಗೆ ಹೋದಳು. ಎಂಟು ದಿನಕ್ಕೆ ತಿರುಗಿ ಬಂದು ಕೇಂದ್ರದ ಮೆಟ್ಟಿಲ ಮ್ಯಾಲೆ ಕುಂತಳು. ಎರಡು ಜಂಪರ್ ಕೆಡಿಸಿದ್ದಳಂತೆ. ಹದಿನೈದು ದಿನ ಬಿಟ್ಟು ಬಾ, ಇನ್ನೊಂದು ಸಲ ನೋಡ್ತೀನಿ, ಆಗಲೂ ಕೆಡಿಸಿದರೆ ಖಲಾಸ್ ಅಂದರಂತೆ ಮಾಸ್ತರು.

ಹೆಂಗೆ ಕೆಟ್ಟವು ಅಂತ ಕೇಳಿದೆ. ಗಿರಾಕಿಗಳು ಅಳತೆಗೆ ಹಳೇ ಜಂಪರ್ ಕೊಟ್ಟಿದ್ದರು, ಟೇಪ್ ಹಿಡಿದು ಅದು ಇದ್ದಂಗೇ ಹೊಸ ರವಿಕೆ ಬಟ್ಟೆ ಕತ್ತರಿಸಿದೆ ಅಂದಳು. ನನಗೆ ಗೊತ್ತಾಯ್ತು. ನಮ್ಮ ಕಡೆ ಯಾವ ಹೆಂಗಸು ಅಂಗಡಿಯಾಗೆ ನಿಂತು ಮೈ ಅಳೆಸಿಕೊಳ್ತಾಳೆ? ಹಳೇದೊಂದು ಚೀಲದಾಗೆ ಹಾಕಿ ಕೊಟ್ಟು ಹೋಗ್ತಾಳೆ. ಅದು ಎರಡು ಹೆರಿಗೆ ಹಿಂದಿನದು ಇರ್ತೈತೆ, ಇಲ್ಲಾ ತಂಗೀದು. ಎಲ್ಲಿ ಹೊಲಿಗೆ ಬಿಚ್ಚೈತೆ, ಕಂಕುಳ ಎಲ್ಲಿ ಹಿಸಿದೈತೆ ನೋಡಿ, ಬಾಯಿ ಬಿಟ್ಟು ಕೇಳಿ, ಆಮೇಲೆ ಕತ್ತರಿ ಹಾಕಬೇಕು. ಕೇಂದ್ರದಾಗೆ ಇದನ್ನ ಕಲಿಸೋದಿಲ್ಲ. ಪೇಪರ್ ಮ್ಯಾಲೆ ಗೆರೆ ಎಳೆಯೋದು, ಒಬ್ಬರಿಗೊಬ್ಬರು ಟೇಪ್ ಹಿಡಿಯೋದು, ಅಷ್ಟೇ.

ಕಲಿಸೋ ಮೇಡಂಗೆ ಹೇಳಿದೆ. ಚಿಕ್ಕ ವಯಸ್ಸು, ಕೋರ್ಸ್ ಓದಿದಾಕಿ. ಅದು ಸಿಲೆಬಸ್ಸಿನಾಗಿಲ್ಲ ಅಂದಳು. ಮರುದಿನ ನನ್ನ ಹಳೇ ಜಂಪರ್ ಅವಳ ಟೇಬಲ್ ಮ್ಯಾಲೆ ಒಗೆದು, ಇದರ ಅಳತೆಗೆ ನನಗೊಂದು ಹೊಲಿದು ಕೊಡು ಅಂದೆ. ಅವಳೂ ಹಠಗಾರ್ತಿ, ಹೊಲಿದಳು. ಪರದೆ ಹಿಂದೆ ಹೋಗಿ ಹಾಕ್ಕೊಂಡೆ. ತೋಳು ಮೊಣಕೈ ದಾಟಲಿಲ್ಲ. ಹಂಗೇ ಸೆರಗು ಹೊದ್ದು ಬಂದು ಎಲ್ಲರ ಮುಂದೆ ನಿಂತೆ.

"ಅಳತೆ ಸರಿ ಇದೆಯಲ್ಲ ಅಜ್ಜಿ" ಅಂದಳು.

"ಸರಿನೇ ಐತೆ ತಾಯಿ. ಅದು ನನ್ನ ಮಗಳ ಮದುವ್ಯಾಗೆ ಹೊಲಿದಿದ್ದು. ಆ ಮಗಳಿಗೇ ಈಗ ಸೊಸೆ ಬಂದಾಳ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ. ಸೋಮವಾರದಿಂದ ಎಲ್ಲರೂ ಮನೆಯಿಂದ ಹಳೇ ಜಂಪರ್ ತರಬೇಕು ಅಂತ ಬೋರ್ಡ್ ಮ್ಯಾಲೆ ಬರೆದಳು. ನನಗೊಂದು ಕುರ್ಚಿ ಹಾಕಿಸಿದಳು. ಊಟ ಆದಮ್ಯಾಲೆ ಒಬ್ಬರದು ಇನ್ನೊಬ್ಬರಿಗೆ ಕೊಟ್ಟು ಹೊಲಿಸಿದೆವು. ಭಟ್ಟಿಯಾಕಿಯನ್ನೂ ಕರೆದು ಕೂರಿಸಿದೆ. ಕೈ ಸುಮಾರು ಚಲೋನೇ ಇತ್ತು, ಬಾಯಿ ಬಿಟ್ಟು ಕೇಳಾಕೆ ನಾಚಿಕೆ. ದಿನಾ ಬೈದೆ. ನಾಚಿಕೆ ಬೇಕಂದರೆ ಹೋಗಿ ಮಂಡಕ್ಕಿ ಹುರಿ ಅಂದೆ.

ದಿನ ತುಂಬಿದ ಮ್ಯಾಲೆ ಹರಿಹರಕ್ಕೆ ನಾನೂ ಜೊತೆಗೆ ಹೋದೆ, ಇವಳು ಹೆದರಿ ದಾರಿಯಾಗೇ ಬಸ್ ಇಳಿದುಬಿಟ್ಟಾಳು ಅಂತ. ಅಂಗಡಿಯಾಗೆ ಗಿರಾಕಿ ಒಬ್ಬಾಕಿ ಹಳೇದೊಂದು ಕೊಟ್ಟು, ಇದರಂಗೇ ಇರಲಿ ಅಂದು ಹೊರಟಿದ್ದಳು.

"ಅಕ್ಕಾ, ನಿಂದ್ರಿ" ಅಂದಳು ಇವಳು. "ಇದು ಎಲ್ಲಿ ಹಿಡೀತೈತ್ರಿ?"

ಆಕಿ ಆಚೆ ಈಚೆ ನೋಡಿ, ಹತ್ತಿರ ಬಂದು, ತೋಳಿನಾಗೆ ರಕ್ತ ಕಟ್ಟಿದಂಗಾಗ್ತೈತೆ ಅಂತ ಮೆಲ್ಲಗೆ ಹೇಳಿದಳು.

ಮಾಸ್ತರು ಗೋಡೆ ಕಡೆ ಮಿಶನ್ ಮ್ಯಾಲಿದ್ದ ಬಟ್ಟೆ ಗಂಟು ಇಳಿಸಿ, ಇದಕ್ಕೆ ಎಣ್ಣೆ ಬಿಟ್ಟುಕೋ ಅಂತ ಇವಳಿಗೆ ಅಂದರು. ನಾನು ಬಸ್ ಸ್ಟ್ಯಾಂಡಿಗೆ ಒಬ್ಬಳೇ ನಡೆದೆ.