ಗಾಲಿಕುರ್ಚಿಯ ನಿಂಬೆಹಣ್ಣು

ನನ್ನ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿ ಮುರಿದ ವಾರವೇ ತಂಗಿಯ ಹೊಸ ಸ್ಕೂಟರೂ ಕೆಟ್ಟಿತು. ಅವಳು ಅದರಲ್ಲೇ ಊರಿನ ಆಚೆ ತುದಿಯ ಕೊಂಡಾಪುರದ ಐಟಿ ಕಂಪನಿಗೆ ಹೋಗುತ್ತಿದ್ದಳು. ಒಂದೇ ಫೋನಿಗೆ ರಾಯಚೂರು ಕಡೆಯವನಾದ ಮೆಕ್ಯಾನಿಕ್ ಕುಷಾಯಿಗೂಡದ ನಮ್ಮ ಮನೆಬಾಗಿಲಿಗೇ ಬಂದು ಅರ್ಧ ಗಂಟೆಯಲ್ಲಿ ರಿಪೇರಿ ಮುಗಿಸಿದ. ನನ್ನ ಕುರ್ಚಿಯನ್ನೂ ನೋಡಪ್ಪ ಎಂದೆ.

“ಇದರ ಸ್ಪೇರ್ ನಮ್ಮ ಹತ್ರ ಎಲ್ಲಿ ಸಿಗತೈತ್ರಿ ಅಕ್ಕಾ,” ಎಂದು ನಕ್ಕ.

ಕುರ್ಚಿ ಮಾರಿದ್ದ ಅಬಿಡ್ಸ್ ಪೇಟೆಯ ಅಂಗಡಿಯವನು ಗಾಲಿ ದೆಹಲಿಯಿಂದ ಬರಬೇಕು ಎಂದ. ನಾಲ್ಕು ತಿಂಗಳು ಅದನ್ನೇ ಹೇಳಿದ. ಅಷ್ಟೂ ದಿನ ನಾನು ಕಿಟಕಿಯ ಪಕ್ಕ ಕೂತು, ಆ ಸ್ಕೂಟರ್ ಹಾಳಾಗಿ ಹೋಗಲಿ ಎಂದು ಹೊಟ್ಟೆ ಉರಿದುಕೊಂಡೆ.

ದಸರೆ ಬಂತು, ಗಾಲಿ ಬರಲಿಲ್ಲ. ಆಯುಧಪೂಜೆಯ ದಿನ ತಂಗಿ ಸ್ಕೂಟರ್ ತೊಳೆದು ಚೆಂಡುಹೂವಿನ ಹಾರ ಹಾಕಿದಳು. ದೃಷ್ಟಿ ತಾಕದಿರಲೆಂದು ಅವ್ವ ಅದರ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಆ ಸ್ಕೂಟರಿನ ಮೇಲೆ ಕಣ್ಣು ಹಾಕಿದ್ದವಳು ಮನೆಯೊಳಗೇ ಇದ್ದಳು. ನನಗೆ ಬೇಸರವಾಗಬಾರದೆಂದೋ ಏನೋ, ಅವ್ವ ಕುರ್ಚಿಗೂ ಕುಂಕುಮ ಹಚ್ಚಿ ದೊಡ್ಡ ಗಾಲಿಗಳ ಮುಂದೆ ಎರಡು ಹಣ್ಣು ಇಟ್ಟಳು. ತಂಗಿ ತನ್ನ ಹಣ್ಣುಗಳನ್ನು ಪಚಕ್ಕನೆ ಜಜ್ಜಿ ಓಣಿ ದಾಟಿ ಹೋದಳು. ನಾನು ಎಷ್ಟು ನೂಕಿದರೂ ಕುರ್ಚಿ ಮುರಿದ ಕಡೆಗೆ ವಾಲಿತೇ ಹೊರತು ಮುಂದೆ ಸರಿಯಲಿಲ್ಲ.

ಸಂಜೆ ಅವ್ವ ನನ್ನ ಎರಡೂ ಹಣ್ಣು ಎತ್ತಿ ತೊಳೆದಳು.

“ದೃಷ್ಟಿಗೆ ಇಟ್ಟ ಹಣ್ಣು ಯಾರರ ತಿಂತಾರೇನಬೇ?” ಎಂದೆ.

“ನಿನ್ನ ಕುರ್ಚಿ ಮ್ಯಾಲ ಯಾರು ಕಣ್ಣು ಹಾಕ್ತಾರವಾ?” ಎಂದವಳೇ ಚಿತ್ರಾನ್ನಕ್ಕೆ ಹಿಂಡಿದಳು.