ಅಧ್ಯಕ್ಷರ ಗಂಟಲಿನ ಔಷಧ

ಮೆಲಾಕಾದ ನಮ್ಮ ಕನ್ನಡ ಕೂಟ ದೊಡ್ಡದೇನಲ್ಲ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಉಡುಪಿ, ಮಣಿಪಾಲ ಕಡೆಯ ಕೆಲವು ಸಂಸಾರಗಳು, ಹಬ್ಬಕ್ಕೆ ಮಾತ್ರ ಕಾಣಿಸಿಕೊಳ್ಳುವ ಮೈಸೂರಿನವರು ಒಂದಿಬ್ಬರು. ಇಷ್ಟು ಜನಕ್ಕೆ ಒಬ್ಬ ಅಧ್ಯಕ್ಷರು ಬೇಕೆಂದು ಯಾರಿಗೆ ಅನ್ನಿಸಿತೋ ತಿಳಿಯದು. ಇದ್ದರು. ನನ್ನದೇ ಕಾಲೇಜಿನ ಹಿರಿಯ ಪ್ರಾಧ್ಯಾಪಕರು. ವೃತ್ತಿಯಲ್ಲಿ ಶಸ್ತ್ರವೈದ್ಯರು, ಉಳಿದ ವೇಳೆಯಲ್ಲಿ ಊರಿನ ಶುದ್ಧಾಶುದ್ಧ ನಿರ್ಣಾಯಕರು. ಒಂದು ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನು ಅವರು ಓದುವ ಶ್ರದ್ಧೆ ಕಂಡಾಗಲೆಲ್ಲ, ಎಕ್ಸ್‌ರೇಯನ್ನೂ ಇಷ್ಟೇ ಹೊತ್ತು ನೋಡುತ್ತಾರೋ ಇಲ್ಲವೋ ಎಂದು ರೋಗಿಗಳ ಪರವಾಗಿ ನನಗೆ ಚಿಂತೆಯಾಗುತ್ತಿತ್ತು.

ನನ್ನ ಅಪರಾಧ ಇಷ್ಟು: ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಚೀನೀಯರ ಕಾಫಿ ಅಂಗಡಿಯಲ್ಲಿ ಕೂತು ಟೋಸ್ಟಿನೊಂದಿಗೆ ಅರೆಬೆಂದ ಮೊಟ್ಟೆ ತಿನ್ನುತ್ತೇನೆ. ಮನೆಯ ಅಡುಗೆಮನೆಗೆ ಮೊಟ್ಟೆ ಬಂದದ್ದಿಲ್ಲ. ಆದರೆ ಅಧ್ಯಕ್ಷರು ಕಾರಿನ ಕಿಟಕಿಯಿಂದ ನನ್ನನ್ನು ಕಂಡಿದ್ದರು.

ಗಣೇಶ ಚೌತಿಯ ಊಟಕ್ಕೆ ನನ್ನ ಹೆಂಡತಿ ಹಯಗ್ರೀವ ಮಾಡಿ ತಂದಿದ್ದಳು. ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿ, ಮೇಲೆ ಧಾರಾಳ ತುಪ್ಪ. ಬಡಿಸುವಾಗ ಪಾತ್ರೆ ಎಲ್ಲಿಯೂ ಕಾಣಲಿಲ್ಲ. ಹುಡುಕಿದರೆ ನೀರಿನ ಕ್ಯಾನುಗಳ ಹಿಂದೆ, ನೆಲದ ಮೇಲೆ, ಮುಚ್ಚಳ ಕೂಡ ತೆಗೆಯದೆ ಇಟ್ಟಿತ್ತು. ಹೆಂಡತಿ ಕೇಳಿದಾಗ ಅಧ್ಯಕ್ಷರು ಸಾಲಿನಲ್ಲಿ ಕೂತಿದ್ದವರಿಗೆಲ್ಲ ಕೇಳುವಂತೆಯೇ ಹೇಳಿದರು: "ತಪ್ಪು ತಿಳೀಬೇಡಿ ತಂಗಿ. ನಿಮ್ಮ ಯಜಮಾನ್ರು ಹೊರಗೆ ಎಂಥದೆಲ್ಲ ತಿಂತಾರೆ, ಅದೇ ಕೈ ಮನೆ ಪಾತ್ರೆ ಮುಟ್ತದೆ ಅಲ್ವಾ? ನೈವೇದ್ಯದ ದಿನ ನೋಡಿ, ಜಾಗ್ರತೆ ಬೇಕು."

ಅವಳು ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಮನೆ ಬರುವವರೆಗೆ ಅದನ್ನು ಕೆಳಗಿಡಲಿಲ್ಲ. ಬಂದ ಮೇಲೆ, "ಇನ್ನು ಆ ಕೂಟಕ್ಕೆ ನಾನು ಒಂದು ಲೋಟ ನೀರೂ ತಕೊಂಡು ಹೋಗುದಿಲ್ಲ" ಎಂದಳು. ನನ್ನೊಬ್ಬನ ಬಗ್ಗೆ ಆಡಿದ್ದರೆ ನಕ್ಕು ಬಿಡುತ್ತಿದ್ದೆ. ಅವಳ ಅಡುಗೆಯನ್ನು ನೆಲಕ್ಕಿಳಿಸಿದ ಮನುಷ್ಯನನ್ನು ಮಾತ್ರ ಸುಮ್ಮನೆ ಬಿಡಬಾರದೆಂದು, ಸ್ನಾನ ಮಾಡಿ, ವಿಧ್ಯುಕ್ತವಾಗಿಯೇ ಸಂಕಲ್ಪ ಮಾಡಿದೆ.

ನನ್ನ ಹವ್ಯಾಸ ಹಳೆಯ ವ್ಯಾಪಾರದ ಚರಿತ್ರೆ. ಚೀನಾದ ಹಡಗುಗಳು ಪಿಂಗಾಣಿ, ರೇಷ್ಮೆ ಹೊತ್ತು ಮೆಲಾಕಾದ ಬಂದರಿಗೆ ಬರುತ್ತಿದ್ದವು. ಮೆಣಸು, ಕರ್ಪೂರ, ಶ್ರೀಗಂಧ, ತವರ ತುಂಬಿಕೊಂಡು ಮರಳುತ್ತಿದ್ದವು. ಗಾಳಿ ತಿರುಗುವವರೆಗೆ ವ್ಯಾಪಾರಿಗಳು ಇಲ್ಲಿಯೇ ತಿಂಗಳುಗಟ್ಟಲೆ ಬಿದ್ದಿರುತ್ತಿದ್ದರು. ಕಾಯುವುದು ಗೊತ್ತಿಲ್ಲದವನಿಗೆ ಆ ಕಸುಬು ಹೇಳಿದ್ದಲ್ಲ. ನಾನೂ ಕಾದೆ.

ಗಾಳಿ ಚೀನೀ ಹೊಸವರ್ಷದ ಹೊತ್ತಿಗೆ ತಿರುಗಿತು. ಅಧ್ಯಕ್ಷರಿಗೆ ಗಂಟಲು ಕಟ್ಟಿತ್ತು. ಭಾಷಣವಿಲ್ಲದೆ ಅವರೂ, ಅವರ ಭಾಷಣವಿಲ್ಲದೆ ನಾವೂ ಕೆಲವು ವಾರ ಕಳೆದೆವು. ನಾವು ಹೆಚ್ಚು ಸುಖವಾಗಿದ್ದೆವು. ಒಂದು ದಿನ ಅವರ ಕೋಣೆಗೆ ಹೋದರೆ ಮೇಜಿನ ಮೇಲೆ ಸಣ್ಣ ಗಾಜಿನ ಬಾಟಲಿಗಳ ಸಾಲು. ಒಳಗೆ ತಿಳಿಯಾದ ಪಾಕ, ಅದರಲ್ಲಿ ಶ್ಯಾವಿಗೆಯಂಥ ಬಿಳಿಯ ಎಳೆಗಳು.

"ಒಬ್ಬ ಚೀನೀ ಪೇಷೆಂಟಿನ ಅಮ್ಮ ಮನೆಯಲ್ಲೇ ಮಾಡಿ ತಂದು ಕೊಡ್ತಾರೆ ಮಾರಾಯ್ರೆ. ಒಂದೇ ವಾರದಲ್ಲಿ ಸ್ವರ ಬಂತು, ನೋಡಿ!" ಎಂದರು. "ಮತ್ತೆ ನಾನು ಸುಮ್ಮನೆ ಕುಡೀಲಿಲ್ಲ. ಕೂಲಂಕಷ ವಿಚಾರಿಸಿದೆ. ಮಾಂಸ ಉಂಟಾ? 'ನೋ ಲಾ, ಡಾಕ್ಟರ್.' ಮೀನು? 'ನೋ.' ಮೊಟ್ಟೆ, ಎಲುಬಿನ ಜೆಲಟಿನ್, ಬೆಳ್ಳುಳ್ಳಿ? ಎಲ್ಲದಕ್ಕೂ 'ನೋ ಲಾ.' ಕಲ್ಲುಸಕ್ಕರೆ, ಪರಿಮಳಕ್ಕೆ ಪಾಂಡನ್ ಎಲೆ, ಮತ್ತೆ ಈ ಎಳೆ. ಎಂಥದೋ ಕಡಲಪಾಚಿ ಇರ್ಬೇಕು."

ಆ ತಾಯಿ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಆ ಎಳೆಗಳು ಹಕ್ಕಿಯ ಗೂಡು. ಅಂಗೈಯೊಳಗೆ ಹಿಡಿಸುವ ಒಂದು ಕಂದು ಹಕ್ಕಿ ತನ್ನ ಜೊಲ್ಲನ್ನೇ ದಾರದಂತೆ ಎಳೆದು ಗೋಡೆಗೆ ಮೆತ್ತಿ ಒಣಗಿಸಿ ಕಟ್ಟುವ ಗೂಡು. ಚೀನೀಯರು ಅದಕ್ಕಾಗಿ ಶತಮಾನಗಳಿಂದ ಈ ಕಡೆಯ ದ್ವೀಪಗಳಿಗೆ ಹಡಗು ಕಳಿಸಿದ್ದಾರೆ. ನಮ್ಮವರ ಪ್ರಶ್ನಾವಳಿಯಲ್ಲಿ ಮಾಂಸವಿದೆ, ಮೊಟ್ಟೆಯಿದೆ, ಬೆಳ್ಳುಳ್ಳಿಯೂ ಇದೆ. ಎಂಜಲನ್ನು ಯಾರಾದರೂ ಬಾಟಲಿಯಲ್ಲಿ ತುಂಬಿ ಕೊಡಬಹುದೆಂಬ ಕಲ್ಪನೆ ಮಾತ್ರ ನಮ್ಮ ಯಾವ ಹಿರಿಯರಿಗೂ ಬಂದಿರಲಿಲ್ಲ.

"ಬಿಡದೆ ತಕೊಳ್ಳಿ ಸಾರ್" ಎಂದೆ. "ಗಂಟಲು ಮುಖ್ಯ."

ಸ್ವರ ಮರಳಿದ ಉತ್ಸಾಹದಲ್ಲಿ ಅವರು ಕೂಟದ ಸಭೆ ಕರೆದರು. ಉಪನ್ಯಾಸಕ್ಕೆ ನನ್ನನ್ನೇ ಹಿಡಿದರು. ವಿಷಯ, ಮೆಲಾಕಾದಲ್ಲಿ ಚೀನೀ ವ್ಯಾಪಾರ. ಹೆಂಡತಿ ಬರುವುದಿಲ್ಲವೆಂದಳು. "ಕೇಳುವುದಕ್ಕೆ ಬಾ, ಕೈಯಲ್ಲಿ ಏನೂ ತರಬೇಡ" ಎಂದೆ. ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು. ಅಧ್ಯಕ್ಷರು ಸ್ವಾಗತ ಭಾಷಣದ ನಡುವೆ ಬಾಟಲಿ ಎತ್ತಿ ಒಂದು ಗುಟುಕು ಕುಡಿದು, ಇದೊಂದು ಶುದ್ಧ ಸಸ್ಯಾಹಾರಿ ಔಷಧ, ಬೇಕಾದವರಿಗೆ ತರಿಸಿ ಕೊಡುವೆ ಎಂದು ಸಭೆಗೆ ಅಭಯವನ್ನೂ ಕೊಟ್ಟರು.

ನಾನು ಮೆಣಸಿನಿಂದ ಆರಂಭಿಸಿದೆ. ಕರ್ಪೂರಕ್ಕೆ ಬಂದೆ. ಶ್ರೀಗಂಧದ ಬಳಿ ಮೈಸೂರಿನವರಿಗಾಗಿ ಸ್ವಲ್ಪ ನಿಂತೆ. ಕೊನೆಗೆ ಪರದೆಯ ಮೇಲೆ ಗೂಡಿನ ಚಿತ್ರ ಬಂತು. ಈ ಊರಿನ ಹಳೆಯ ಅಂಗಡಿಗಳ ಮಹಡಿಯಿಂದ ಧ್ವನಿವರ್ಧಕದಲ್ಲಿ ಚಿಲಿಪಿಲಿ ಕೇಳಿಸುತ್ತದಲ್ಲ, ಅದು ಈ ಹಕ್ಕಿಗಳನ್ನು ಒಳಗೆ ಕರೆಯಲು ಎಂದೆ. ಗೂಡಿಗೆ ಹುಲ್ಲಿಲ್ಲ, ಕಡ್ಡಿಯಿಲ್ಲ, ಬರೀ ಜೊಲ್ಲು. ನೆನೆಸಿ, ಅಂಟಿದ ಪುಕ್ಕಗಳನ್ನು ಚಿಮಟದಿಂದ ಒಂದೊಂದಾಗಿ ಕೀಳುತ್ತಾರೆ ಎಂದೆ.

ಮುಂದಿನ ಸಾಲಿನಿಂದ ಅಧ್ಯಕ್ಷರು ಗಟ್ಟಿಯಾಗಿ ನಕ್ಕರು. "ಶಿವ ಶಿವ! ಹಕ್ಕಿ ಎಂಜಲು! ಇಂಥ ಹೊಲಸು ತಿನ್ನುವವರು ಯಾರು ಮಾರಾಯ್ರೆ?"

ಇಷ್ಟೊಂದು ಸೌಕರ್ಯವನ್ನು ದೇವರು ನನಗೆ ಹಿಂದೆಂದೂ ಮಾಡಿಕೊಟ್ಟಿರಲಿಲ್ಲ.

"ಗಂಟಲು ಕಟ್ಟಿದವರು ಸಾರ್," ಎಂದೆ. "ಕಲ್ಲುಸಕ್ಕರೆ, ಪಾಂಡನ್ ಎಲೆ ಹಾಕಿ ಬೇಯಿಸ್ತಾರೆ. ಸಣ್ಣ ಗಾಜಿನ ಬಾಟಲಿಯಲ್ಲಿ ತುಂಬಿ ಕೊಡ್ತಾರೆ."

ಸಭೆಯ ಕಣ್ಣುಗಳೆಲ್ಲ ಒಂದೇ ಕಡೆಗೆ ಹೋದವು. ಅಧ್ಯಕ್ಷರೂ ತಮ್ಮ ಕೈಯನ್ನೇ ನೋಡಿಕೊಂಡರು. ಬಾಟಲಿಯನ್ನು ಮೆಲ್ಲಗೆ ಕುರ್ಚಿಯ ಕೆಳಗಿಟ್ಟರು. ಅದು ಉರುಳಿ, ಸದ್ದು ಮಾಡುತ್ತ, ಹಿಂದಿನ ಸಾಲಿನ ತನಕ ಹೋಯಿತು. ಯಾರೂ ಎತ್ತಲಿಲ್ಲ. ನಾನು ಗಂಭೀರವಾಗಿ ತವರದ ವಿಷಯಕ್ಕೆ ಹೋದೆ.

ಮರುದಿನ ಸಂಜೆ ಅವರು ನಮ್ಮ ಮನೆಗೆ ಬಂದರು. ಒಂದೇ ದಿನದಲ್ಲಿ ಸೊರಗಿದ್ದರು. ಊರಿಗೆ ಫೋನು ಮಾಡಿ ಪ್ರಾಯಶ್ಚಿತ್ತ ಕೇಳಿದರಂತೆ. ಪುರೋಹಿತರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ.

"ನಿಮಗೆ ಮೊದಲೇ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

"ಮತ್ತೆ ಹೇಳ್ಬಾರ್ದಿತ್ತಾ ಮಾರಾಯ್ರೆ?"

"ಮೊಟ್ಟೆ ತಿನ್ನುವವನ ಮಾತನ್ನು ನೀವು ಎಲ್ಲಿ ನಂಬ್ತೀರಿ ಸಾರ್?"

ಅವರು ತಲೆ ತಗ್ಗಿಸಿದರು. ನನಗೆ ಕನಿಕರ ಬರಬೇಕಾದ ಜಾಗ ಇದು ಎಂದು ತಿಳಿದಿತ್ತು. ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಕಾಫಿ ತಂದು ಅವರ ಮುಂದಿಟ್ಟಳು.

"ನಮ್ಮ ಮನೆ ಲೋಟ," ಎಂದಳು. "ನಿಮಗೆ ಆಗ್ತದಾ?"

ಅವರು ಲೋಟವನ್ನು ನೋಡಿದರು, ಅವಳನ್ನು ನೋಡಿದರು. "ತಂಗಿ, ಅವತ್ತು ನಾನು..." ಎಂದು ಶುರು ಮಾಡಿದರು. ಅವಳು ಮುಂದುವರಿಸಲು ಬಿಡಲಿಲ್ಲ. "ಆರಿ ಹೋಗ್ತದೆ" ಎಂದಳು.

ಕುಡಿದರು. ತಳ ಕಾಣುವವರೆಗೆ ಕುಡಿದರು. ಲೋಟ ಕೆಳಗಿಡುವ ಮೊದಲೇ ಅವಳು ಪಾತ್ರೆ ಹಿಡಿದು ನಿಂತಿದ್ದಳು.

"ಇನ್ನು ಸ್ವಲ್ಪ?"

"ಸಾಕು, ಸಾಕು..."

"ಸಂಕೋಚ ಬೇಡ," ಎಂದು ಅವಳು ಅಂಚಿನವರೆಗೆ ಹೊಯ್ದು, ಎದುರಿನ ಕುರ್ಚಿ ಎಳೆದುಕೊಂಡು, ಅವರು ಕುಡಿಯುವುದನ್ನು ನೋಡುತ್ತ ಕೂತಳು.